ಅಜ್ಜನ ಸೈಕಲ್ಲಿಗೆ ಬಿಡಿಭಾಗ: ಆಯ್ಕೆಗೆ ಮುನ್ನ ಅಳತೆ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಳ್ಳಿಮನೆಗಳಲ್ಲಿ ಅಜ್ಜನ ಕಾಲದ ಸೈಕಲ್ಲೊಂದು ದನದ ಕೊಟ್ಟಿಗೆಯ ಗೋಡೆಗೆ ಆತು ನಿಂತಿರುವುದು ಅಪರೂಪದ ದೃಶ್ಯವೇನಲ್ಲ. ಅದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ತಯಾರಾದ ರ‍್ಯಾಲಿಯಾಗಿರಬಹುದು, ಅಥವಾ 1949ರಲ್ಲಿ ಆರಂಭವಾದ ಮದರಾಸಿನ ಟಿ.ಐ. ಸೈಕಲ್ಸ್‌ನ ಹರ್ಕ್ಯುಲಿಸ್ ಆಗಿರಬಹುದು. ಅದನ್ನು ದುರಸ್ತಿಗೊಳಿಸಿ ಮತ್ತೆ ದೂರದ ಸವಾರಿಗೆ ಅಣಿಗೊಳಿಸುವ ಹುಮ್ಮಸ್ಸಿನಲ್ಲಿ ಕೈಗೆ ಸಿಕ್ಕ ಹೊಸ ಸಾಮಾನು ಜೋಡಿಸಿದರೆ ಸೈಕಲ್ಲು ಶಾಶ್ವತವಾಗಿ ಕೆಡುವ ಸಂಭವವೇ ಹೆಚ್ಚು.

ಮೊದಲು ನೋಡಬೇಕಾದುದು ಗಾಲಿ. ಹಳೆಯ 28 ಇಂಚಿನ ಗಾಲಿಯಲ್ಲಿ ಟೈರು ಕೂರುವ ಜಾಗದ ವ್ಯಾಸ 635 ಮಿ.ಮೀ. ಇಂದಿನ 700ಸಿ ಗಾಲಿಯದು 622 ಮಿ.ಮೀ. ಎರಡನ್ನೂ '28' ಎಂದೇ ಕರೆಯುವುದರಿಂದ ಗೊಂದಲ ಸಹಜ. ಒಂದರ ಟೈರು ಇನ್ನೊಂದಕ್ಕೆ ಕೂಡುವುದಿಲ್ಲ. ಅಷ್ಟೇ ಅಲ್ಲ, ಹಳೆಯ ಕಡ್ಡಿ ಬ್ರೇಕಿನ ರಬ್ಬರು ರಿಮ್ಮಿನ ಪಕ್ಕವನ್ನು ಒತ್ತದೆ ಒಳಮೈಯನ್ನು ಹಿಡಿಯುತ್ತದೆ. ಆದ್ದರಿಂದ ಹೊಸ ಮಾದರಿಯ ರಿಮ್ ಹಾಕಿಸಿದರೆ ಬ್ರೇಕೇ ನಿರುಪಯೋಗಿ. ಹಾಲಿನವರು ಬಳಸುವ ಸಾದಾ ಸೈಕಲ್ಲಿನ ರಿಮ್ಮು, ಟೈರುಗಳೇ ಇಲ್ಲಿ ಸರಿಯಾದ ಆಯ್ಕೆ, ಬೆಲೆಯೂ ಕಡಿಮೆ. ಮುಂದಿನ ರಿಮ್ಮಿಗೆ 32, ಹಿಂದಿನದಕ್ಕೆ 40 ತೂತುಗಳಿರುವುದು ವಾಡಿಕೆ. ಹಬ್ಬಿನ ತೂತುಗಳನ್ನು ಎಣಿಸಿಕೊಂಡೇ ಅಂಗಡಿಗೆ ಹೋಗುವುದು ಒಳಿತು.

ಬ್ರೇಕಿನ ಮಾತು ಗೋಕಾಕ ಫಾಲ್ಸ್ ಸುತ್ತಲಿನ ಇಳಿಜಾರು ಬಲ್ಲವರಿಗೆ ಚೆನ್ನಾಗಿ ಮನದಟ್ಟಾದೀತು. ಕ್ರೋಮ್ ಲೇಪದ ಉಕ್ಕಿನ ರಿಮ್ಮು ಮಳೆಯಲ್ಲಿ ನೆನೆದರೆ ರಬ್ಬರು ಜಾರುತ್ತದೆ. ಎಂಥ ದುಬಾರಿ ಬ್ರೇಕ್ ಶೂ ಹಾಕಿದರೂ ಈ ದೋಷ ಪೂರ್ತಿ ಹೋಗದು. ಹಳೆಯ ಶೂ ಕಲ್ಲಿನಂತೆ ಗಟ್ಟಿಯಾಗಿದ್ದರೆ ಬದಲಿಸಬೇಕು. ಮಳೆಗಾಲದಲ್ಲಿ ಇಳಿಜಾರಿಗೆ ಬರುವ ಮೊದಲೇ ವೇಗ ತಗ್ಗಿಸಬೇಕು.

ಪೆಡಲಿನ ನಡುವಿನ ಬಟ್ಟಲುಗಳ ವಿಷಯದಲ್ಲಿ ಆತುರ ಸಲ್ಲದು. ಇಂಗ್ಲೆಂಡಿನ ಸೈಕಲ್ಲುಗಳಲ್ಲಿ ಇಂಚಿಗೆ 24 ಎಳೆಗಳ ಮರೆ ಸಾಮಾನ್ಯ; ರ‍್ಯಾಲಿಯ ಹಳೆಯ ಸೈಕಲ್ಲುಗಳಲ್ಲಿ ಮಾತ್ರ 26 ಎಳೆ. ಬಿಗಿಯಾಗಿದೆಯೆಂದು ಬಲವಂತವಾಗಿ ತಿರುಗಿಸಿದರೆ ಚೌಕಟ್ಟಿನ ಮರೆಯೇ ಹಾಳಾಗುತ್ತದೆ, ಅದಕ್ಕೆ ಸುಲಭದ ಮದ್ದಿಲ್ಲ. ಬಟ್ಟಲು ಸವೆದಿರದಿದ್ದರೆ ಅದನ್ನೇ ಉಳಿಸಿ, ಪ್ರತಿ ಬದಿಗೆ ಕಾಲಿಂಚಿನ 11 ಹೊಸ ಗುಂಡುಗಳನ್ನೂ ಗ್ರೀಸನ್ನೂ ಹಾಕುವುದು ಜಾಣತನ. ಕಾಟರ್ ಪಿನ್ನನ್ನೂ ಅಳೆದೇ ತರಬೇಕು: 9 ಮಿ.ಮೀ., 9.5 ಮಿ.ಮೀ. ಎರಡೂ ಉಂಟು.

ದೂರದ ಸವಾರಿಗೆ ಒಂದು ಬದಲಾವಣೆ ಮಾತ್ರ ನಿಜವಾಗಿ ಉಪಕಾರಿ. ಮುಂದಿನ ಹಲ್ಲುಚಕ್ರ 48ರದ್ದಾಗಿದ್ದು ಹಿಂದೆ 18 ಹಲ್ಲಿನ ಫ್ರೀವೀಲ್ ಇದ್ದರೆ, ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು 6 ಮೀಟರ್ ಸಾಗುತ್ತದೆ. 22 ಹಲ್ಲಿನದಾದರೆ 5 ಮೀಟರಿಗಿಂತ ಕೊಂಚ ಕಡಿಮೆ. ಮೂಡಲಗಿಯ ಎರೆನೆಲದ ಸಮತಟ್ಟು ರಸ್ತೆಯಲ್ಲಿ ಇದರಿಂದ ಅಂಥ ಲಾಭವಿಲ್ಲ. ಹುಕ್ಕೇರಿ ಕಡೆಯ ಏರುಗಳಲ್ಲಿ ಮೊಣಕಾಲು ಉಳಿಯುತ್ತದೆ. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾದೀತು. ಹಿಂದಿನ ಹಬ್ಬಿನಲ್ಲಿ ಸ್ಟರ್ಮಿ ಆರ್ಚರ್ ಕಂಪನಿಯ ಮೂರು ಗೇರು ಇದ್ದರಂತೂ ಅದನ್ನು ಬಿಚ್ಚಿ ಗುಜರಿಗೆ ಹಾಕಲೇಬಾರದು. ಎಣ್ಣೆ ಬಿಟ್ಟರೆ ಎಷ್ಟೋ ಸಲ ಮತ್ತೆ ಓಡುತ್ತದೆ. ಹಬ್ಬಿನ ಮೇಲೆ ಅಚ್ಚೊತ್ತಿದ ಅಂಕಿಗಳಿಂದ ಅದು ತಯಾರಾದ ವರ್ಷವನ್ನೂ ತಿಳಿಯಬಹುದು.

ಬಣ್ಣದ ಕೆಲಸ ಕೊನೆಗಿರಲಿ. ಮೂಲ ಬಣ್ಣ, ಲಾಂಛನ ಅರ್ಧದಷ್ಟು ಉಳಿದಿದ್ದರೂ ಒರೆಸಿ ಎಣ್ಣೆ ಸವರಿ ಬಿಡುವುದೇ ಲೇಸು. ಮೊದಲ ಹತ್ತು ಕಿಲೋಮೀಟರ್ ಸವಾರಿಯ ನಂತರ ಕಾಟರ್ ಪಿನ್ನಿನ ನಟ್ಟನ್ನು ಇನ್ನೊಮ್ಮೆ ಬಿಗಿಗೊಳಿಸತಕ್ಕದ್ದು.