ಮೋಟಾರು ಸೈಕಲ್ಲಿನ ಬಣ್ಣವೂ ಬೆಣಚುಕಲ್ಲಿನ ಧೂಳೂ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ—ಈ ಊರುಗಳ ನಡುವಣ ರಸ್ತೆಗಳಲ್ಲಿ ಒಂದೆರಡು ವರ್ಷ ಓಡಾಡಿದ ಮೋಟಾರು ಸೈಕಲ್ಲೊಂದನ್ನು ಬಿಸಿಲಿನಲ್ಲಿ ನಿಲ್ಲಿಸಿ, ಅದರ ಪೆಟ್ರೋಲು ಟ್ಯಾಂಕನ್ನು ನೋಡಿರಿ. ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯಂತೆ ನವುರಾದ ಗೀರುಗಳು ವರ್ತುಲಾಕಾರವಾಗಿ ಹರಡಿರುವುವು. ತಲೆಯನ್ನು ಅತ್ತಿತ್ತ ಸರಿಸಿದರೆ ಬಲೆಯೂ ಜೊತೆಯಲ್ಲೇ ಸರಿಯುವುದು! ವಾಸ್ತವವಾಗಿ ಗೀರುಗಳು ಎಲ್ಲ ದಿಕ್ಕಿಗೂ ಇರುತ್ತವೆ. ಆದರೆ ಪ್ರತಿಬಿಂಬದಿಂದ ಹೊರಟ ತ್ರಿಜ್ಯಕ್ಕೆ ಅಡ್ಡವಾಗಿ ಬಿದ್ದವು ಮಾತ್ರ ಬೆಳಕನ್ನು ನಮ್ಮ ಕಣ್ಣಿನ ಕಡೆಗೆ ಕಳುಹಿಸಬಲ್ಲವು. ಆದುದರಿಂದ ಆ ವೃತ್ತವು ಬೆಳಕು ಮತ್ತು ಕಣ್ಣಿನ ಸ್ಥಾನಗಳಿಂದ ಉಂಟಾದುದೇ ಹೊರತು ಟ್ಯಾಂಕಿನ ಮೇಲೆ ಕೆತ್ತಿದ್ದಲ್ಲ.

ಗೀರುಗಳಿಗೆ ಮೂಲವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ನಂದಿಬೆಟ್ಟವೂ ಅದರ ಸುತ್ತಣ ಬೆಟ್ಟಗಳೂ ಗ್ರಾನೈಟ್ ಶಿಲೆಯವು. ಗ್ರಾನೈಟಿನಲ್ಲಿ ಬೆಣಚು, ಫೆಲ್ಡ್‌ಸ್ಪಾರ್ ಮತ್ತು ಅಭ್ರಕಗಳು ಬೆರೆತಿವೆ. ಕಾಲಕ್ರಮದಲ್ಲಿ ಫೆಲ್ಡ್‌ಸ್ಪಾರ್ ಶಿಥಿಲವಾಗಿ ಜೇಡಿಯಾಗುವುದು. ಬೆಣಚು ಮಾತ್ರ ಮರಳಾಗಿ ಉಳಿಯುವುದು. ಕಲ್ಲುಗಣಿಗಳಿಂದಲೂ ಜಲ್ಲಿ ಕ್ರಷರುಗಳಿಂದಲೂ ಏಳುವ ಹೊಸ ಪುಡಿಯು ಇದಕ್ಕೆ ಕೂಡಿಕೊಳ್ಳುವುದು. 1812ರಲ್ಲಿ ಫ್ರೀಡ್ರಿಕ್ ಮೋಸ್ ಎಂಬ ಖನಿಜ ವಿಜ್ಞಾನಿ ರೂಪಿಸಿದ ಕಾಠಿಣ್ಯದ ಮಾಪಕದಲ್ಲಿ ವಜ್ರಕ್ಕೆ 10, ಬೆಣಚಿಗೆ 7, ಸಾಮಾನ್ಯ ಚಾಕುವಿನ ಉಕ್ಕಿಗೆ ಸುಮಾರು 5.5. ಬಣ್ಣದ ಲೇಪವಾದರೋ ಇವೆಲ್ಲಕ್ಕಿಂತ ಬಹಳ ಮೃದು.

ಆ ಲೇಪದ ದಪ್ಪವೆಷ್ಟು? ತುಕ್ಕು ತಡೆಯುವ ತಳಬಣ್ಣ, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕ ಲೇಪ—ಎಲ್ಲ ಸೇರಿ ಸಾಮಾನ್ಯವಾಗಿ ನೂರು ಮೈಕ್ರಾನಿನ ಆಸುಪಾಸು. ಎಂದರೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಬೆಳಗ್ಗೆ ಹೊರಡುವ ಮುನ್ನ ಒಣ ಬಟ್ಟೆಯಿಂದ ಧೂಳನ್ನು ಒರೆಸುವ ಅಭ್ಯಾಸ ನಮ್ಮಲ್ಲಿ ಬಹಳ. ಹೀಗೆ ಒರೆಸುವವನು ತನಗರಿವಿಲ್ಲದೆ ಉಪ್ಪುಕಾಗದದಿಂದ ಬಣ್ಣವನ್ನು ಉಜ್ಜುತ್ತಿರುತ್ತಾನೆ. ಟ್ಯಾಂಕಿನ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆಯನ್ನೋ ರೇಷ್ಮೆಗೂಡಿನ ಚೀಲವನ್ನೋ ಇರಿಸಿಕೊಂಡು ಸಾಗುವ ಶಿಡ್ಲಘಟ್ಟದ ರೈತನಿಗೂ ಇದೇ ತೊಂದರೆ: ಚೀಲಕ್ಕಿಂತ ಅದರ ಅಡಿಯಲ್ಲಿ ಸಿಕ್ಕ ಮರಳೇ ಹೆಚ್ಚು ಕೆಡಿಸುವುದು. ಹೊರೆಯ ಕೆಳಗೆ ಧೂಳಿಲ್ಲದ ದಪ್ಪ ರಬ್ಬರು ಹಾಳೆ ಹಾಕಿದರೆ ಸಾಕು.

ಒರೆಸುವ ಮೊದಲು ಧಾರಾಳವಾಗಿ ನೀರು ಸುರಿದು ಕಣಗಳನ್ನು ಹರಿಯಬಿಡಬೇಕು. ಬಳಿಕ ಎರಡು ಬಕೆಟ್ಟು ಇಟ್ಟುಕೊಂಡು, ಒಂದರಲ್ಲಿ ಸಾಬೂನು ನೀರನ್ನೂ ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರನ್ನೂ ತುಂಬಿರಿ. ನೀರಿನಲ್ಲಿ ಬೀಳುವ ಸಣ್ಣ ಕಣದ ವೇಗವು ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುವುದೆಂದು ಸ್ಟೋಕ್ಸ್ ನಿಯಮ ಹೇಳುತ್ತದೆ. ಆದುದರಿಂದ ಅಪಾಯಕಾರಿಯಾದ ದಪ್ಪ ಕಣಗಳೇ ಮೊದಲು ತಳ ಸೇರುವುವು. ಆ ತಳವನ್ನು ಕಲಕದಿದ್ದರಾಯಿತು. ನಮ್ಮ ಸೀಮೆಯ ಆಳವಾದ ಕೊಳವೆಬಾವಿಗಳ ನೀರು ಅನೇಕ ಕಡೆ ಗಡಸು. ಅದು ಬಿಸಿಲಿನಲ್ಲಿ ಆರಿದರೆ ಸುಣ್ಣದ ಬಿಳಿ ಕಲೆ ಕೂರುವುದು. ನೆರಳಿನಲ್ಲಿ ತೊಳೆದು ಕೂಡಲೆ ಒತ್ತಿ ಒರೆಸುವುದೇ ಲೇಸು.

ಚಕ್ಕೆ ಏಳುವುದು ಬೇರೆಯದೇ ಸಂಗತಿ. ಮುಂದಿನ ಟಿಪ್ಪರಿನಿಂದ ಉದುರಿದ, ಅಥವಾ ಅದರ ಚಕ್ರದಿಂದ ಚಿಮ್ಮಿದ ಜಲ್ಲಿ ನಮ್ಮ ಗಾಡಿಗೆ ಬಡಿಯುವಾಗ ಮುಖ್ಯವಾದುದು ಸಾಪೇಕ್ಷ ವೇಗ. ಗಾಳಿಯಲ್ಲಿ ಹೆಚ್ಚುಕಡಿಮೆ ನಿಂತಂತಿರುವ ಕಲ್ಲಿಗೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗಿ ಹಾಯ್ದರೆ, ಅದೇ ಕಲ್ಲು ಸುಮಾರು 6 ಮೀಟರ್ ಎತ್ತರದಿಂದ ಟ್ಯಾಂಕಿನ ಮೇಲೆ ಬಿದ್ದಷ್ಟೇ ಪೆಟ್ಟು. ವೇಗ 60ಕ್ಕೇರಿದರೆ ಎತ್ತರ ಸುಮಾರು 14 ಮೀಟರ್—ನಾಲ್ಕಂತಸ್ತಿನ ಕಟ್ಟಡದಷ್ಟು! ವೇಗವು ಒಂದೂವರೆ ಪಟ್ಟಾದಾಗ ಚಲನಶಕ್ತಿ ಎರಡೂಕಾಲು ಪಟ್ಟಾಗುವುದೆಂಬ ಸೂತ್ರವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗಳೇ ಟಿಪ್ಪರಿನ ಹಿಂದೆಯೇ ಅಂಟಿಕೊಂಡು ಹೋಗುವುದು ನಮಗೆ ವಿಚಿತ್ರವಾಗಿ ತೋರುವುದು. ಸವಾರನ ಕಣ್ಣಿಗೂ ಅದೇ ಕಲ್ಲು ಬರುವುದಷ್ಟೆ. ಸ್ವಂತ ಮುಂಗಾಲಿಯು ಎಸೆಯುವ ಕಲ್ಲುಗಳಿಗಾದರೆ ಮಡ್‌ಗಾರ್ಡಿನ ತುದಿಗೆ ಉದ್ದನೆಯ ರಬ್ಬರು ಪಟ್ಟಿ ಕಟ್ಟುವುದು ಅಗ್ಗದ ಉಪಾಯ.

ಅಂಗಡಿಯಲ್ಲಿ ದೊರೆಯುವ ರಕ್ಷಣೆಗಳಲ್ಲಿ ಪಾಲಿಯುರೆಥೇನಿನ ಪಾರದರ್ಶಕ ಹಾಳೆಯೇ ಕಲ್ಲಿನ ಪೆಟ್ಟಿಗೆ ನಿಜವಾದ ಉತ್ತರ. ವಿಯೆಟ್ನಾಂ ಯುದ್ಧಕಾಲದಲ್ಲಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ಮರಳಿನಿಂದ ಕಾಪಾಡಲು ಬಳಸಿದ ಪಟ್ಟಿಗಳೇ ಇದರ ಪೂರ್ವಜರು. ಸುಮಾರು 150ರಿಂದ 200 ಮೈಕ್ರಾನ್ ದಪ್ಪದ ಈ ಹಾಳೆಯು ರಬ್ಬರಿನಂತೆ ತಗ್ಗಿ, ಪೆಟ್ಟನ್ನು ಹೆಚ್ಚು ಕಾಲಕ್ಕೂ ಹೆಚ್ಚು ಜಾಗಕ್ಕೂ ಹಂಚುವುದು. ಇಡೀ ಗಾಡಿಗೆ ಹಾಕಿಸಲು ವೆಚ್ಚ ಹೆಚ್ಚು. ಟ್ಯಾಂಕಿನ ಮುಂಭಾಗ ಮತ್ತು ಮಂಡಿ ತಾಗುವ ಪಕ್ಕಗಳಿಗೆ ಹಾಕಿಸಿದರೂ ಪ್ರಯೋಜನವುಂಟು. ಸೆರಾಮಿಕ್ ಲೇಪದ ಜಾಹೀರಾತುಗಳಲ್ಲಿ ಕಾಣುವ ‘9ಎಚ್’ ಎಂಬ ಅಂಕವನ್ನು ಮೋಸ್ ಮಾಪಕದ 9 ಎಂದು ಭ್ರಮಿಸಬಾರದು. ಅದು ಪೆನ್ಸಿಲ್ಲಿನ ಕಾಠಿಣ್ಯದ ಅಂಕ! ಬೆಣಚಿನ ಮುಂದೆ ಪೆನ್ಸಿಲ್ಲು ಯಾವ ಲೆಕ್ಕ? ಕೆಲವೇ ಮೈಕ್ರಾನ್ ದಪ್ಪದ ಆ ಲೇಪದಿಂದ ನೀರು ಬೇಗ ಜಾರುವುದು, ಕೊಳೆ ಸುಲಭವಾಗಿ ಬಿಡುವುದು. ಜಲ್ಲಿಯನ್ನು ಮಾತ್ರ ಅದು ತಡೆಯದು.

ಇಷ್ಟು ಪಾಡು ಬರಿಯ ಅಂದಕ್ಕಾಗಿಯೆ? ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳಲ್ಲಿ ಮಡ್‌ಗಾರ್ಡುಗಳೂ ಉಕ್ಕಿನವೇ. ಈಗಿನ ಹಲವು ಗಾಡಿಗಳಲ್ಲಿ ಅವು ಪ್ಲಾಸ್ಟಿಕ್ಕಿನವು, ತುಕ್ಕಿನ ಭಯವಿಲ್ಲ. ಟ್ಯಾಂಕು, ಚೌಕಟ್ಟುಗಳು ಸಾಮಾನ್ಯವಾಗಿ ಇಂದಿಗೂ ಉಕ್ಕು. ಗೀರು ಉಕ್ಕನ್ನು ಮುಟ್ಟಿದರೆ ನೀರೂ ಗಾಳಿಯೂ ಒಳಹೊಕ್ಕು, ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮೀರಿದ ಗಾತ್ರದ ತುಕ್ಕು ಬಣ್ಣದಡಿಯಲ್ಲಿ ಬೆಳೆದು ಸುತ್ತಲ ಲೇಪವನ್ನೂ ಎಬ್ಬಿಸುವುದು. ಉಗುರಿನಿಂದ ಮೆಲ್ಲನೆ ಗೀರಿಗೆ ಅಡ್ಡಲಾಗಿ ಎಳೆದು ನೋಡಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಅದು ಬಹುಶಃ ಪಾರದರ್ಶಕ ಲೇಪದಲ್ಲೇ ಇದೆ. ಪಾಲಿಶ್ ಮಾಡಿದರೆ ಮಾಯವಾಗುವುದು, ಆದರೆ ಪ್ರತಿ ಪಾಲಿಶಿಗೂ ಲೇಪ ಒಂದಿಷ್ಟು ತೆಳುವಾಗುವುದು. ಲೋಹ ಕಾಣುವಷ್ಟು ಆಳವಿದ್ದರೆ ಮಳೆಗಾಲಕ್ಕೆ ಮೊದಲೇ ತುಕ್ಕನ್ನು ಕೆರೆದು, ಒಣಗಿಸಿ, ಸಣ್ಣ ಕುಂಚದಿಂದ ಪ್ರೈಮರನ್ನೂ, ಅದು ಆರಿದ ಮೇಲೆ ಹೊಂದುವ ಬಣ್ಣವನ್ನೂ ತುಂಬಬೇಕು.