ದುಭಾಷಿಯ ಕೈಗೆ ಎಷ್ಟು ಅಂಕ?

2013ರ ಡಿಸೆಂಬರ್ 10. ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗಿನ ಕ್ರೀಡಾಂಗಣದಲ್ಲಿ ನೆಲ್ಸನ್ ಮಂಡೇಲಾ ಅವರಿಗೆ ಶ್ರದ್ಧಾಂಜಲಿ ಸಭೆ. ಅಮೆರಿಕದ ಅಧ್ಯಕ್ಷ ಒಬಾಮಾ, ನಮ್ಮ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಮೊದಲಾದವರು ಮಾತನಾಡಿದರು. ವೇದಿಕೆಯ ಮೇಲೆ, ಭಾಷಣಕಾರರ ಮಗ್ಗುಲಲ್ಲೇ ನಿಂತ ವ್ಯಕ್ತಿಯೊಬ್ಬ ಅವರ ಮಾತನ್ನು ಕಿವುಡರಿಗಾಗಿ ಸಂಜ್ಞೆ ಭಾಷೆಗೆ ತಿರುಗಿಸುತ್ತಿದ್ದ. ಕೈಗಳು ಲಯಬದ್ಧವಾಗಿ ಆಡುತ್ತಿದ್ದವು, ಮುಖ ಗಂಭೀರವಾಗಿತ್ತು. ಕಿವಿ ಕೇಳುವ ಕೋಟ್ಯಂತರ ಜನ ಟಿ.ವಿ.ಯಲ್ಲಿ ಅದನ್ನು ನೋಡಿದರು. ಯಾರಿಗೂ ಏನೂ ಅನುಮಾನ ಬರಲಿಲ್ಲ.

ಅನುಮಾನ ಬಂದದ್ದು ಕಿವುಡರಿಗೆ. ಆ ಕೈಗಳು ಹೇಳುತ್ತಿದ್ದುದು ಯಾವ ಭಾಷೆಯೂ ಆಗಿರಲಿಲ್ಲ, ಬರಿಯ ಕೈಬೀಸಾಟ. ಮರುದಿನ ಇದು ಜಗತ್ತಿಗೆಲ್ಲ ಸುದ್ದಿಯಾಯಿತು. ಇದೇ ವ್ಯಕ್ತಿಯ ಬಗ್ಗೆ ಹಿಂದೆಯೂ ದೂರು ಹೋಗಿತ್ತೆಂದು ಅಲ್ಲಿನ ಕಿವುಡರ ಸಂಘದವರು ಹೇಳಿದರು. ನಾಲ್ಕು ವರ್ಷಗಳ ನಂತರ, 2017ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ ಇರ್ಮಾ ಚಂಡಮಾರುತದ ಮುನ್ನೆಚ್ಚರಿಕೆ ಸಭೆಯೊಂದರಲ್ಲೂ ಹೀಗೇ ಆಯಿತು. ಊರು ಬಿಟ್ಟು ಹೊರಡಿ ಎಂದು ಅಧಿಕಾರಿಗಳು ಹೇಳುತ್ತಿದ್ದರೆ ದುಭಾಷಿಯ ಕೈಯಲ್ಲಿ 'ಪಿಜ್ಜಾ', 'ರಾಕ್ಷಸ' ಮುಂತಾದ ಸಂಜ್ಞೆಗಳು ಬಂದವು. ಕೈಗೆ ಸಿಕ್ಕಿದವರನ್ನು ನಿಲ್ಲಿಸಿದ್ದರ ಫಲ ಅದು.

ಈ ಎರಡೂ ಪ್ರಸಂಗಗಳ ತಿರುಳು ಒಂದೇ. ದುಭಾಷಿಗೆ ಸಂಬಳ ಕೊಡುವವರಿಗೆ ಸಂಜ್ಞೆ ಭಾಷೆ ಬರುವುದಿಲ್ಲ. ಆದ್ದರಿಂದ ಕೆಲಸ ಸರಿಯಾಗಿ ಆಯಿತೇ ಎಂದು ಅವರು ಹೇಳಲಾರರು. ಹೇಳಬಲ್ಲ ಕಿವುಡರನ್ನು ಯಾರೂ ಕೇಳುವುದಿಲ್ಲ. ಬಡಗಿಯ ಮೇಜು ಅಲುಗಾಡಿದರೆ ಕೊಂಡವನಿಗೆ ತಿಳಿಯುತ್ತದೆ. ಇಲ್ಲಿ ಮೇಜು ಮುರಿದು ಬಿದ್ದರೂ ಕೊಂಡವನಿಗೆ ಸದ್ದು ಕೇಳಿಸದು. ಇನ್ನು ಆ ಕೇಳುಗ ಒಂಬತ್ತು ವರ್ಷದ ಮಗುವಾಗಿದ್ದರೆ? ಪಾಠದಲ್ಲಿ ಏನು ಬಿಟ್ಟುಹೋಯಿತು ಎಂಬುದು ಮಗುವಿಗೆ ಗೊತ್ತಾಗುವುದಾದರೂ ಹೇಗೆ? ಬಿಟ್ಟುಹೋದದ್ದು ಅದರ ಪಾಲಿಗೆ ಇರಲೇ ಇಲ್ಲ.

ಕೆಲವು ಸರ್ಕಾರಗಳು ಈ ಸೇವೆಯ ಬಗ್ಗೆ ಅಧ್ಯಯನ ಮಾಡಿಸಿವೆ. ಸಂಜ್ಞೆ ದುಭಾಷಿಗಳ ಬೇಡಿಕೆ ಎಷ್ಟು, ಪೂರೈಕೆ ಎಷ್ಟು ಎಂದು ಆಸ್ಟ್ರೇಲಿಯಾದ ಕೇಂದ್ರ ಸರ್ಕಾರ 2004ರಲ್ಲಿ ಲೆಕ್ಕ ಹಾಕಿಸಿತು. ಬ್ರಿಟನ್ನಿನ ಕಾರ್ಮಿಕ ಮತ್ತು ಪಿಂಚಣಿ ಇಲಾಖೆ 2017ರಲ್ಲಿ ಇಂಥದ್ದೇ ಅವಲೋಕನ ವರದಿಯನ್ನು ಪ್ರಕಟಿಸಿತು. ಎಷ್ಟು ಜನ ಬೇಕು, ಎಷ್ಟು ಜನ ಇದ್ದಾರೆ ಎಂಬ ಲೆಕ್ಕ ಅಗತ್ಯವೇ. ಆದರೆ ಇರುವವರು ಎಷ್ಟು ಚೆನ್ನಾಗಿ ಮಾಡುತ್ತಾರೆ? ಅದನ್ನು ಅಂಕಿಯಲ್ಲಿ ಅಳೆಯುವ ಪ್ರಯತ್ನ ನಡೆದದ್ದು ಅಮೆರಿಕದ ಶಾಲೆಗಳಲ್ಲಿ. ಅದಕ್ಕೊಂದು ಹಿನ್ನೆಲೆ ಇದೆ.

ಅಂಗವಿಕಲ ಮಕ್ಕಳಿಗೂ ಸರ್ಕಾರಿ ಶಾಲೆಗಳಲ್ಲಿ ಉಚಿತವಾಗಿ ತಕ್ಕ ಶಿಕ್ಷಣ ಕೊಡಬೇಕೆಂಬ ಕಾನೂನು ಅಮೆರಿಕದಲ್ಲಿ ಬಂದದ್ದು 1975ರಲ್ಲಿ. ನ್ಯೂಯಾರ್ಕ್ ರಾಜ್ಯದ ಆ್ಯಮಿ ರೌಲಿ ಎಂಬ ಕಿವುಡ ಬಾಲಕಿ ಆಗಷ್ಟೇ ಶಾಲೆಗೆ ಸೇರುವ ವಯಸ್ಸಿನವಳು. ತಂದೆ ತಾಯಿ ಇಬ್ಬರೂ ಕಿವುಡರು. ಹುಡುಗಿ ಬಲು ಚುರುಕು, ತುಟಿ ಚಲನೆ ನೋಡಿ ಮಾತು ಗ್ರಹಿಸುವುದರಲ್ಲಿ ಜಾಣೆ, ತರಗತಿಯಲ್ಲಿ ಸರಾಸರಿಗಿಂತ ಮೇಲೆಯೇ ಇದ್ದಳು. ಶಾಲೆ ಅವಳಿಗೆ ಶ್ರವಣ ಸಾಧನ ಕೊಟ್ಟಿತು, ದುಭಾಷಿ ಬೇಡವೆಂದಿತು. ಆದರೆ ಪರೀಕ್ಷಿಸಿ ನೋಡಿದಾಗ ಸಂಜ್ಞೆಯ ಸಹಾಯವಿಲ್ಲದೆ ಅವಳು ಗುರುತಿಸಿದ್ದು ಶೇ. 59ರಷ್ಟು ಮಾತು, ಸಂಜ್ಞೆ ಸೇರಿದಾಗ ಶೇ. 100. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಅವಳ ಪರ ವಾದಿಸಿದ ವಕೀಲ ಮೈಕೆಲ್ ಚಾಟಾಫ್ ಸ್ವತಃ ಕಿವುಡರು. ನ್ಯಾಯಮೂರ್ತಿಗಳ ಪ್ರಶ್ನೆಗಳು ಅವರ ಮುಂದಿನ ಪರದೆಯ ಮೇಲೆ ಅಕ್ಷರಗಳಾಗಿ ಮೂಡುವ ಏರ್ಪಾಡು ಮಾಡಲಾಗಿತ್ತು. 1982ರಲ್ಲಿ ಆರು ಮಂದಿ ನ್ಯಾಯಮೂರ್ತಿಗಳು ಶಾಲೆಯ ಪರ, ಮೂವರು ಬಾಲಕಿಯ ಪರ ನಿಂತರು. ಮಗುವಿಗೆ ಪ್ರಯೋಜನವಾಗುವಷ್ಟು ಶಿಕ್ಷಣ ಸಿಕ್ಕರೆ ಸಾಕು, ಅದರ ಪೂರ್ಣ ಸಾಮರ್ಥ್ಯ ಅರಳುವಷ್ಟು ಕೊಡಬೇಕೆಂದು ಕಾನೂನು ಹೇಳಿಲ್ಲ ಎಂಬುದು ಬಹುಮತದ ತೀರ್ಪು. ಶೇ. 41 ಮಾತು ಕಳೆದುಕೊಂಡೂ ಪಾಸಾಗುವ ಮಗುವಿಗೆ ಅನ್ಯಾಯವಾಗಿಲ್ಲ ಎಂದಂತಾಯಿತು!

ಆ್ಯಮಿ ಸೋತರೂ ಮುಂದಿನ ವರ್ಷಗಳಲ್ಲಿ ಸಾಮಾನ್ಯ ಶಾಲೆಗಳಿಗೆ ಬರುವ ಕಿವುಡ ಮಕ್ಕಳು ಹೆಚ್ಚಿದರು. ಅವರ ಜೊತೆಗೆ ದುಭಾಷಿಗಳೂ ಬಂದರು. ಆಗ ಎದ್ದ ಪ್ರಶ್ನೆಯೇ ಇವರಿಗೆ ಕೆಲಸ ಬರುತ್ತದೆಯೇ ಎಂಬುದು. ಅದಕ್ಕಾಗಿ 1990ರ ದಶಕದಲ್ಲಿ ಬ್ರೆಂಡಾ ಶಿಕ್ ಮತ್ತು ಕೆವಿನ್ ವಿಲಿಯಮ್ಸ್ ಎಂಬ ಸಂಶೋಧಕರು ಒಂದು ಪರೀಕ್ಷೆಯನ್ನು ರೂಪಿಸಿದರು. ಇ.ಐ.ಪಿ.ಎ. ಎಂದು ಅದರ ಚಿಕ್ಕ ಹೆಸರು.

ಪರೀಕ್ಷೆಯ ಕ್ರಮ ಸರಳ, ಆದರೆ ಬಿಗಿ. ನಿಜವಾದ ತರಗತಿಯೊಂದರ ವಿಡಿಯೊವನ್ನು ಅಭ್ಯರ್ಥಿಯ ಮುಂದೆ ಹಾಕುತ್ತಾರೆ. ಮೇಷ್ಟರು ಪಾಠ ಮಾಡುತ್ತಾರೆ, ಮಕ್ಕಳು ನಡುವೆ ಬಾಯಿ ಹಾಕುತ್ತಾರೆ, ಯಾರೋ ನಗುತ್ತಾರೆ. ಅಭ್ಯರ್ಥಿ ಅದನ್ನು ಆ ಕ್ಷಣದಲ್ಲೇ ಸಂಜ್ಞೆ ಭಾಷೆಗೆ ತರಬೇಕು. ನಿಲ್ಲಿಸಿ ಹಿಂದಕ್ಕೆ ತಿರುಗಿಸುವಂತಿಲ್ಲ. ಎರಡನೆಯ ಭಾಗದಲ್ಲಿ ಕಿವುಡ ಮಗುವೊಂದು ಸಂಜ್ಞೆಯಲ್ಲಿ ಮಾತನಾಡುತ್ತದೆ. ಅದನ್ನು ಬಾಯಿಮಾತಿಗೆ ತಿರುಗಿಸಬೇಕು. ಎರಡನ್ನೂ ಚಿತ್ರೀಕರಿಸಿ ಪರೀಕ್ಷಕರ ತಂಡಕ್ಕೆ ಕಳಿಸುತ್ತಾರೆ. ವ್ಯಾಕರಣ, ಶಬ್ದಸಂಪತ್ತು, ಬೆರಳಕ್ಷರದ ಸ್ಪಷ್ಟತೆ, ಯಾರು ಮಾತನಾಡುತ್ತಿದ್ದಾರೆಂದು ತೋರಿಸುವ ರೀತಿ, ಹೀಗೆ ಹತ್ತಾರು ಅಂಶಗಳಿಗೆ ಸೊನ್ನೆಯಿಂದ ಐದರವರೆಗೆ ಅಂಕ. ಎಲ್ಲಕ್ಕಿಂತ ಮುಖ್ಯವಾದುದು, ಆ ತಂಡದಲ್ಲಿ ಕಿವುಡರೂ ಇರಬೇಕೆಂಬ ನಿಯಮ. ಮೇಜು ಅಲುಗಾಡುತ್ತದೆಯೇ ಎಂದು ಅದರ ಮೇಲೆ ಊಟ ಮಾಡುವವರನ್ನೇ ಕೇಳಿದ ಹಾಗೆ.

ಕೊಲರಾಡೊ ರಾಜ್ಯ ತನ್ನ ಶಾಲಾ ದುಭಾಷಿಗಳಿಗೆ ಕನಿಷ್ಠ 3.5 ಅಂಕ ಬೇಕೆಂದು ಗೊತ್ತುಮಾಡಿತು. ಅಲ್ಲಿ 59 ದುಭಾಷಿಗಳನ್ನು ಪರೀಕ್ಷಿಸಿದ ವರದಿ 1999ರಲ್ಲಿ ಪ್ರಕಟವಾಯಿತು. ಕನಿಷ್ಠ ಮಟ್ಟ ಮುಟ್ಟಿದವರು ಅರ್ಧಕ್ಕಿಂತ ಕಡಿಮೆ. ಒಂದು ರಾಜ್ಯದ ಮಾತಾಯಿತಲ್ಲ ಎಂದು ಬಿಟ್ಟರೂ 2006ರಲ್ಲಿ ಬಂದ ದೊಡ್ಡ ಅಧ್ಯಯನವನ್ನು ತಳ್ಳಿಹಾಕುವಂತಿಲ್ಲ. ದೇಶದ ನಾನಾ ಕಡೆಯ ಸುಮಾರು 2,100 ಶಾಲಾ ದುಭಾಷಿಗಳ ಪೈಕಿ ಸುಮಾರು ಶೇ. 60 ಮಂದಿಗೆ ಪಾಠವನ್ನು ಪೂರ್ತಿಯಾಗಿ ಮಗುವಿಗೆ ಮುಟ್ಟಿಸುವಷ್ಟು ಕೌಶಲ ಇರಲಿಲ್ಲ. ಇನ್ನೂ ಯೋಚನೆಗೆ ಹಚ್ಚುವ ಸಂಗತಿ ಬೇರೆ ಇದೆ. ದುಭಾಷಿ ತರಬೇತಿ ಕೋರ್ಸು ಮುಗಿಸಿದವರಿಗೂ ಮುಗಿಸದವರಿಗೂ ಇದ್ದ ಸರಾಸರಿ ಅಂತರ ಕೇವಲ ಅರ್ಧ ಅಂಕ. ಸರ್ಟಿಫಿಕೇಟು ನೋಡಿ ಕೆಲಸ ಕೊಟ್ಟರಾಯಿತು ಎನ್ನುವವರಿಗೆ ಈ ಅರ್ಧ ಅಂಕ ಉತ್ತರ.

ಏಕೆ ಇಷ್ಟು ಕಷ್ಟ? ಸಂಜ್ಞೆ ಎಂದರೆ ಮಾತಿನ ಒಂದೊಂದು ಪದಕ್ಕೆ ಒಂದೊಂದು ಕೈಸನ್ನೆ ಎಂದು ಹಲವರು ತಿಳಿದಿದ್ದಾರೆ. ಅದು ತಪ್ಪು. ಸಂಜ್ಞೆ ಭಾಷೆಗೆ ತನ್ನದೇ ವ್ಯಾಕರಣವಿದೆ ಎಂದು ಅಮೆರಿಕದ ವಿಲಿಯಂ ಸ್ಟೋಕಿ 1960ರಲ್ಲೇ ತೋರಿಸಿಕೊಟ್ಟರು. ಹುಬ್ಬು ಮೇಲೇರಿದರೆ ಅದೇ ವಾಕ್ಯ ಪ್ರಶ್ನೆಯಾಗುತ್ತದೆ. ತಲೆ ಅಡ್ಡಡ್ಡ ಆಡಿದರೆ ನಿಷೇಧವಾಗುತ್ತದೆ. ಕೈ ಮಾತ್ರ ಕಲಿತು ಮುಖ ಕಲಿಯದವರು, ಅಲ್ಪವಿರಾಮ ಪ್ರಶ್ನಚಿಹ್ನೆಗಳಿಲ್ಲದೆ, ಕ್ರಿಯಾಪದ ನುಂಗಿಕೊಂಡು ಓದಿದ ಹಾಗೆ ಕಾಣುತ್ತಾರೆ.

ವಿಜ್ಞಾನದ ತರಗತಿಯಲ್ಲಿ ಈ ಕಷ್ಟ ಇಮ್ಮಡಿ. ನಮ್ಮ ಕನ್ನಡ ಮಾಧ್ಯಮದ ಪಾಠವನ್ನೇ ತೆಗೆದುಕೊಳ್ಳಿ. 'ಬಲ' ಎಂದರೆ ಬಲಗೈಯ ಬಲವೋ, ಪೈಲ್ವಾನನ ಬಲವೋ, ದ್ರವ್ಯರಾಶಿಯನ್ನು ವೇಗೋತ್ಕರ್ಷದಿಂದ ಗುಣಿಸಿದಾಗ ಬರುವ ಬಲವೋ? 'ಒತ್ತಡ' ಎಂದರೆ ಪರೀಕ್ಷೆಯ ಚಿಂತೆಯೋ, ಪ್ರತಿ ಚದರ ಮೀಟರಿನ ಮೇಲೆ ಬೀಳುವ ಬಲವೋ? ಗೋಡೆಯನ್ನು ದಿನವಿಡೀ ತಳ್ಳಿ ಸುಸ್ತಾದರೂ 'ಕೆಲಸ' ಆಗಲಿಲ್ಲ ಎನ್ನುತ್ತದೆ ಭೌತಶಾಸ್ತ್ರ. ಪಾಠ ಅರ್ಥವಾಗದ ದುಭಾಷಿ ಕೈಗೆ ಬಂದ ಸಂಜ್ಞೆಯನ್ನು ಹಾಕಿ ಮುಂದೆ ಹೋಗುತ್ತಾರೆ. ಮಗು ಅದನ್ನೇ ನಂಬುತ್ತದೆ. ಪರೀಕ್ಷೆಯಲ್ಲಿ ತಪ್ಪು ಬರೆದಾಗ 'ಇವನಿಗೆ ವಿಜ್ಞಾನ ಹತ್ತುವುದಿಲ್ಲ' ಎಂಬ ಷರಾ ಬೀಳುವುದು ಮಗುವಿನ ಮೇಲೆ.

ಇನ್ನೊಂದು ತೊಡಕು ಕಣ್ಣಿನದು. ಮೇಷ್ಟರು ಪ್ರನಾಳ ಎತ್ತಿ ಹಿಡಿದು 'ಈಗ ನೋಡಿ, ನೀಲಿ ಲಿಟ್ಮಸ್ ಕೆಂಪಾಗುತ್ತದೆ' ಎನ್ನುತ್ತಾರೆ. ಉಳಿದ ಮಕ್ಕಳು ಕಿವಿಯಲ್ಲಿ ಕೇಳುತ್ತಾ ಕಣ್ಣಲ್ಲಿ ನೋಡುತ್ತಾರೆ. ಕಿವುಡ ಮಗುವಿಗೆ ಕೇಳುವುದೂ ಕಣ್ಣಿನಿಂದಲೇ. ಅದು ದುಭಾಷಿಯ ಕೈಯಿಂದ ಕಣ್ಣು ತೆಗೆಯುವಷ್ಟರಲ್ಲಿ ಲಿಟ್ಮಸ್ ಕೆಂಪಾಗಿ ಆಗಿರುತ್ತದೆ. ದುಭಾಷಿ ಎಂದೂ ಮಾತಿಗಿಂತ ಕೆಲವು ಕ್ಷಣ ಹಿಂದೆಯೇ ಇರುವುದರಿಂದ, 'ಯಾರು ಹೇಳುತ್ತೀರಿ?' ಎಂಬ ಪ್ರಶ್ನೆ ಮಗುವನ್ನು ಮುಟ್ಟುವ ಹೊತ್ತಿಗೆ ಮುಂದಿನ ಬೆಂಚಿನವನು ಉತ್ತರ ಹೇಳಿ ಕುಳಿತಾಗಿದೆ. ಇದಕ್ಕೆ ಮದ್ದು ಮೇಷ್ಟರ ಕೈಯಲ್ಲಿದೆ: ಮೊದಲು ಹೇಳುವುದು, ಸ್ವಲ್ಪ ತಡೆಯುವುದು, ಆಮೇಲೆ ತೋರಿಸುವುದು. ಇದರಿಂದ ಕಿವಿ ಕೇಳುವ ಮಕ್ಕಳಿಗೂ ಯಾವ ನಷ್ಟವೂ ಇಲ್ಲ. ದಣಿವಿನ ಮಾತೂ ಇದೆ. ಅನುಭವಿ ದುಭಾಷಿಗಳು ದೀರ್ಘ ಸಭೆಗಳಲ್ಲಿ ಇಬ್ಬರಾಗಿ ಬಂದು ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಸರದಿ ಬದಲಿಸುತ್ತಾರೆ. ಶಾಲೆಯಲ್ಲಾದರೋ ಬೆಳಗಿನಿಂದ ಸಂಜೆಯವರೆಗೆ ಒಬ್ಬರೇ ಇರುವುದುಂಟು.

ಅಳೆಯದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಮಿಶಿಗನ್ ರಾಜ್ಯದ ಸ್ಟರ್ಜಿಸ್ ಊರಿನ ಮಿಗೆಲ್ ಪೆರೆಸ್ ಅವರ ಪ್ರಕರಣವನ್ನು ನೋಡಬಹುದು. ಮೆಕ್ಸಿಕೊದಿಂದ ಬಂದ ಈ ಕಿವುಡ ಬಾಲಕ ಒಂಬತ್ತನೆಯ ವಯಸ್ಸಿನಿಂದ ಇಪ್ಪತ್ತರವರೆಗೆ ಅಲ್ಲಿನ ಶಾಲೆಗಳಲ್ಲಿ ಓದಿದ. ಕೊಟ್ಟ ಸಹಾಯಕರಿಗೆ ಸಂಜ್ಞೆ ಭಾಷೆಯೇ ಬರುತ್ತಿರಲಿಲ್ಲ, ತರಗತಿಯಲ್ಲಿ ಗಂಟೆಗಟ್ಟಲೆ ಅವರು ಇರುತ್ತಲೂ ಇರಲಿಲ್ಲ ಎಂಬುದು ಕುಟುಂಬದ ಆರೋಪ. ಆದರೂ ವರ್ಷ ವರ್ಷವೂ ಒಳ್ಳೆಯ ಶ್ರೇಣಿ, ಮುಂದಿನ ತರಗತಿಗೆ ಬಡ್ತಿ. ತಂದೆ ತಾಯಿ ನೆಮ್ಮದಿಯಾಗಿದ್ದರು. ಪದವಿ ಪ್ರದಾನಕ್ಕೆ ಕೆಲವೇ ತಿಂಗಳಿರುವಾಗ ಹುಡುಗನಿಗೆ ಡಿಪ್ಲೊಮಾ ಕೊಡಲಾಗದು ಎಂದು ಶಾಲೆ ತಿಳಿಸಿತು. ಶಿಕ್ಷಣ ಇಲಾಖೆಯ ಮುಂದೆ ರಾಜಿಯಾಗಿ, ಅವನಿಗೆ ಕಿವುಡರ ಶಾಲೆಯಲ್ಲಿ ಓದುವ ಅವಕಾಶ ಸಿಕ್ಕಿತು. ಕಳೆದ ವರ್ಷಗಳಿಗೆ ಪರಿಹಾರ ಕೇಳಿ ದಾವೆ ಹೂಡಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಮಾರ್ಚ್ 21ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ 'ಹೂಡಬಹುದು' ಎಂದರು. ಆದರೆ ಹನ್ನೊಂದು ವರ್ಷದ ಪಾಠ?

ನಮ್ಮ ದೇಶಕ್ಕೆ ಬರೋಣ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಶ್ರವಣದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು. ಭಾರತೀಯ ಸಂಜ್ಞೆ ಭಾಷೆ ಅಮೆರಿಕದ್ದರಂತಲ್ಲ. ಅಲ್ಲಿ ಬೆರಳಕ್ಷರಕ್ಕೆ ಒಂದು ಕೈ, ಇಲ್ಲಿ ಎರಡು ಕೈ. ಇದರ ಅಧ್ಯಯನದಲ್ಲಿ ಬೆಂಗಳೂರಿಗೂ ಪಾಲಿದೆ. ಮದನ್ ವಸಿಷ್ಠ ಮತ್ತು ಸಂಗಡಿಗರು ದೆಹಲಿ, ಮುಂಬಯಿ, ಕಲ್ಕತ್ತಾಗಳ ಸಂಜ್ಞೆಗಳಂತೆಯೇ ಬೆಂಗಳೂರಿನ ಕಿವುಡರ ಸಂಜ್ಞೆಗಳನ್ನೂ ಕಲೆಹಾಕಿ 1985ರಲ್ಲಿ ಪುಸ್ತಕ ತಂದರು. 2015ರಲ್ಲಿ ದೆಹಲಿಯಲ್ಲಿ ಭಾರತೀಯ ಸಂಜ್ಞೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. ಅದರ ನಿಘಂಟು 2018ರಲ್ಲಿ 3,000 ಪದಗಳಿಂದ ಆರಂಭವಾಗಿ 2021ರ ಹೊತ್ತಿಗೆ 10,000ಕ್ಕೆ ಬೆಳೆಯಿತು. ದುಭಾಷಿಗಳಿಗೆ ಡಿಪ್ಲೊಮಾ ಕೋರ್ಸೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕಿವುಡ ಮಕ್ಕಳಿಗೆ ಅವರಿಗೆ ತಕ್ಕ ಭಾಷೆ ಮತ್ತು ವಿಧಾನದಲ್ಲಿ ಶಿಕ್ಷಣ ಕೊಡಬೇಕೆನ್ನುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ದುಭಾಷಿಯ ನೆರವಿನಿಂದ ಸುಪ್ರೀಂ ಕೋರ್ಟಿನ ಮುಂದೆ ಹಾಜರಾದರು. 2024ರ ಏಪ್ರಿಲಿನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ವಾದ ಮಂಡಿಸಿದರು. ಕಾನೂನಿನ ಪರಿಭಾಷೆಯನ್ನು ತಪ್ಪಿಲ್ಲದೆ ಕೈಗೆ ತರುವ ದುಭಾಷಿ ಇಲ್ಲದಿದ್ದರೆ ಎಂಥ ವಕೀಲರ ವಾದವೂ ನೀರಿನಲ್ಲಿ ಹೋಮ.

ಕಿವುಡ ಮಗುವಿನ ತಂದೆ ತಾಯಿ ಶಾಲೆಯವರನ್ನು ಕೇಳಬೇಕಾದವು ಕೆಲವೇ ಪ್ರಶ್ನೆಗಳು. ದುಭಾಷಿ ಎಲ್ಲಿ ಕಲಿತರು? ಅವರ ಕೆಲಸವನ್ನು ಕಿವುಡ ವಯಸ್ಕರು ಯಾರಾದರೂ ನೋಡಿದ್ದಾರೆಯೇ? ನಾಳಿನ ಪಾಠ ಅವರಿಗೆ ಇಂದೇ ಕೈಗೆ ಸಿಗುತ್ತದೆಯೇ? ಮನೆಯಲ್ಲೂ ಒಂದು ಪರೀಕ್ಷೆ ಮಾಡಬಹುದು. 'ಅರ್ಥವಾಯಿತೇ?' ಎಂದು ಮಗುವನ್ನು ಕೇಳಿದರೆ ಅದು ತಲೆಯಾಡಿಸುತ್ತದೆ. ಎಲ್ಲ ಮಕ್ಕಳೂ ತಲೆಯಾಡಿಸುತ್ತಾರೆ. ಅದರ ಬದಲು 'ಇವತ್ತು ವಿಜ್ಞಾನದಲ್ಲಿ ಏನು ಹೇಳಿದರು, ನನಗೆ ಹೇಳಿಕೊಡು' ಎಂದು ಕೇಳಿ, ಪುಸ್ತಕ ತೆರೆದಿಟ್ಟು ಹೋಲಿಸಿ ನೋಡಬೇಕು. ಇದಕ್ಕೆ ಮೊದಲು ತಂದೆ ತಾಯಿಯೇ ಅಷ್ಟಿಷ್ಟು ಸಂಜ್ಞೆ ಕಲಿತಿರಬೇಕಾಗುತ್ತದೆ. ದೆಹಲಿ ಕೇಂದ್ರದ ನಿಘಂಟಿನ ವಿಡಿಯೊಗಳು ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತವೆ.