ಮುರಿದ ಮೂಳೆಗೆ ಯಾವ ಲೋಹ? ಟೈಟಾನಿಯಂ, ಮೆಗ್ನೀಷಿಯಂ ಮಿಶ್ರಲೋಹಗಳ ಗುಣಾವಗುಣ

ಮೂಳೆ ಮುರಿತದ ಶಸ್ತ್ರಚಿಕಿತ್ಸೆಯಲ್ಲಿ ಲೋಹದ ಫಲಕ ಅಥವಾ ತಿರುಪು ಅಳವಡಿಸಿದ ರೋಗಿಗಳು ವೈದ್ಯರಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆ: ಮೂಳೆ ಕೂಡಿದ ಮೇಲೆ ಇದನ್ನು ಹೊರತೆಗೆಸಬೇಕೆ? ವಿಜಯನಗರ ಜಿಲ್ಲೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಂಥ ಊರಿನ ಕೃಷಿ ಕಾರ್ಮಿಕನಿಗೆ ಎರಡನೆಯ ಶಸ್ತ್ರಚಿಕಿತ್ಸೆಯೆಂದರೆ ಹೊಸಪೇಟೆಗೋ ಬಳ್ಳಾರಿಗೋ ಮತ್ತೊಂದು ಪಯಣ, ಮತ್ತೊಮ್ಮೆ ಅರಿವಳಿಕೆ, ಮತ್ತಷ್ಟು ದಿನಗಳ ಕೂಲಿ ನಷ್ಟ. ಈ ಪ್ರಶ್ನೆಯ ಉತ್ತರ ಬಹುಮಟ್ಟಿಗೆ ಲೋಹದ ಗುಣಧರ್ಮವನ್ನು ಅವಲಂಬಿಸಿದೆ. ಇಂದು ವ್ಯಾಪಕ ಬಳಕೆಯಲ್ಲಿರುವ ಟೈಟಾನಿಯಂ ಮತ್ತು ಈಗಷ್ಟೇ ಕಾಲಿಡುತ್ತಿರುವ ಮೆಗ್ನೀಷಿಯಂ ಈ ವಿಷಯದಲ್ಲಿ ಪರಸ್ಪರ ವಿರುದ್ಧ ಸ್ವಭಾವದವು.

ಹಗುರತನ ಮತ್ತು ಬಲ

ಎರಡನ್ನೂ ಹಗುರ ಲೋಹಗಳೆಂದೇ ಗುರುತಿಸಲಾಗುತ್ತದೆ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗಿದರೆ, ಟೈಟಾನಿಯಂ 4.5 ಗ್ರಾಂ, ಮೆಗ್ನೀಷಿಯಂ ಕೇವಲ 1.74 ಗ್ರಾಂ ತೂಗುತ್ತದೆ. ಆದರೆ ಬಲದಲ್ಲಿ ಟೈಟಾನಿಯಂ ಬಹಳ ಮುಂದಿದೆ. ಶೇ 6ರಷ್ಟು ಅಲ್ಯೂಮಿನಿಯಂ, ಶೇ 4ರಷ್ಟು ವನೇಡಿಯಂ ಬೆರೆತ ಅದರ ಪ್ರಸಿದ್ಧ ಮಿಶ್ರಲೋಹವು ಸುಮಾರು 900ರಿಂದ 1,000 ಮೆಗಾಪಾಸ್ಕಲ್ ಎಳೆತವನ್ನು ತಾಳುತ್ತದೆ. ಎರಕಕ್ಕೆ ಹೆಚ್ಚು ಬಳಕೆಯಾಗುವ ಮೆಗ್ನೀಷಿಯಂ ಮಿಶ್ರಲೋಹದ ಸಾಮರ್ಥ್ಯ 230 ಮೆಗಾಪಾಸ್ಕಲ್‌ನ ಆಸುಪಾಸಿನದು. ತೂಕವನ್ನು ಲೆಕ್ಕಕ್ಕೆ ಹಿಡಿದರೂ ಟೈಟಾನಿಯಂ ಮುಂದೆಯೇ ಉಳಿಯುತ್ತದೆ.

ಶಾಖದಲ್ಲಿಯೂ ಅಂತರವಿದೆ. ಮೆಗ್ನೀಷಿಯಂ 650 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಟೈಟಾನಿಯಂ 1,668 ಡಿಗ್ರಿಯಲ್ಲಿ ಕರಗುತ್ತದೆ. ಆದ್ದರಿಂದಲೇ ಮೆಗ್ನೀಷಿಯಂ ಎರಕ ಹೊಯ್ಯಲು ಸುಲಭ. ಟೈಟಾನಿಯಂ ಸಂಸ್ಕರಣೆ ದುಬಾರಿ. ವಿಮಾನೋದ್ಯಮ ಎರಡನ್ನೂ ಬಳಸುತ್ತದೆ. ಹೆಲಿಕಾಪ್ಟರ್‌ಗಳ ಗೇರ್‌ಬಾಕ್ಸ್ ಕವಚಕ್ಕೆ ಮೆಗ್ನೀಷಿಯಂ ಒದಗಿದರೆ, ಜೆಟ್ ಎಂಜಿನ್‌ನ ಬ್ಲೇಡುಗಳಿಗೂ ಇಸ್ರೋ ಉಪಗ್ರಹಗಳ ಇಂಧನ ತೊಟ್ಟಿಗಳಿಗೂ ಟೈಟಾನಿಯಂ ಒದಗಿದೆ.

ಮೂಳೆಯ ಲೆಕ್ಕ ಬೇರೆ

ದೇಹದೊಳಗೆ ಮಾತ್ರ ಬಲವೊಂದೇ ನಿರ್ಣಾಯಕವಲ್ಲ. ಹೊರೆ ಬಿದ್ದಾಗ ವಸ್ತು ಎಷ್ಟು ಬಾಗದೆ ನಿಲ್ಲುತ್ತದೆ ಎಂಬ ಬಿಗಿತವೂ ಮುಖ್ಯ. ಮೂಳೆಯ ಗಟ್ಟಿ ಹೊರಪದರದ ಬಿಗಿತ 10ರಿಂದ 30 ಗಿಗಾಪಾಸ್ಕಲ್. ಮೆಗ್ನೀಷಿಯಂನದು ಸುಮಾರು 45, ಟೈಟಾನಿಯಂ ಮಿಶ್ರಲೋಹದ್ದು ಸುಮಾರು 110, ಉಕ್ಕಿನದು 200ರ ಹತ್ತಿರ. ಫಲಕವು ಮೂಳೆಗಿಂತ ಬಹಳ ಬಿಗಿಯಾಗಿದ್ದರೆ ಹೊರೆಯ ಹೆಚ್ಚಿನ ಪಾಲನ್ನು ಅದೇ ಹೊರುತ್ತದೆ. ಕೆಲಸವಿಲ್ಲದ ಮೂಳೆ ಕ್ರಮೇಣ ಸವೆಯುತ್ತದೆ. ಈ ದೃಷ್ಟಿಯಿಂದ ಉಕ್ಕಿಗಿಂತ ಟೈಟಾನಿಯಂ, ಟೈಟಾನಿಯಂಗಿಂತ ಮೆಗ್ನೀಷಿಯಂ ಮೂಳೆಗೆ ಹತ್ತಿರದ ನೆಂಟ.

ಎರಡನೆಯ ಅಂಶ ಸವಕಳಿ. ಟೈಟಾನಿಯಂ ಮೇಲೆ ತೆಳುವಾದ ಆಕ್ಸೈಡ್ ಪೊರೆ ತಾನಾಗಿಯೇ ಮೂಡುತ್ತದೆ. ಗೀಚಿದರೆ ಮತ್ತೆ ಬೆಳೆಯುತ್ತದೆ. ಹಾಗಾಗಿ ರಕ್ತ, ಲವಣಾಂಶಗಳ ನಡುವೆಯೂ ಅದು ಬಾಳುತ್ತದೆ. ತೊಂದರೆ ಕೊಡದಿದ್ದರೆ ಅದನ್ನು ದೇಹದಲ್ಲಿಯೇ ಬಿಡುವುದುಂಟು. ಸೋಂಕು, ನೋವು ಅಥವಾ ಬೆಳೆಯುವ ಮಕ್ಕಳ ಮೂಳೆಯಂಥ ಸಂದರ್ಭಗಳಲ್ಲಿ ತೆಗೆಯಬೇಕಾಗಬಹುದು.

ಮೆಗ್ನೀಷಿಯಂ ಹಾಗಲ್ಲ. ಅದು ದೇಹದ್ರವದಲ್ಲಿ ಕರಗುತ್ತದೆ. ಮೆಗ್ನೀಷಿಯಂ ದೇಹಕ್ಕೆ ಅಗತ್ಯವಾದ ಖನಿಜವೇ ಆದ್ದರಿಂದ ಕರಗಿದ ಅಂಶದ ಹೆಚ್ಚುವರಿಯನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ತಿರುಪು ತಾನೇ ಮಾಯವಾದರೆ ಎರಡನೆಯ ಶಸ್ತ್ರಚಿಕಿತ್ಸೆಯೇ ಬೇಡ.

ಕರಗುವ ವೇಗವೇ ಸಮಸ್ಯೆ

ತೊಡಕಿರುವುದು ವೇಗದಲ್ಲಿ. ಒಂದು ಗ್ರಾಂ ಮೆಗ್ನೀಷಿಯಂ ಪೂರ್ತಿ ಕರಗಿದರೆ ಸುಮಾರು ಒಂದು ಲೀಟರ್ ಜಲಜನಕ ಹೊರಬರುತ್ತದೆ. 1900ರ ದಶಕದಲ್ಲಿ ಬೆಲ್ಜಿಯಂನ ಶಸ್ತ್ರವೈದ್ಯ ಆಲ್ಬಿನ್ ಲಾಂಬೋಟ್ ಕಾಲಿನ ಮುರಿತಕ್ಕೆ ಮೆಗ್ನೀಷಿಯಂ ಫಲಕವನ್ನು ಉಕ್ಕಿನ ಮೊಳೆಗಳಿಂದ ಜೋಡಿಸಿದಾಗ ಅದು ಎಂಟೇ ದಿನಗಳಲ್ಲಿ ಶಿಥಿಲಗೊಂಡು, ಚರ್ಮದಡಿ ಅನಿಲ ತುಂಬಿತು. ಬೇರೆ ಲೋಹದ ಸಂಪರ್ಕದಲ್ಲಿ ಮೆಗ್ನೀಷಿಯಂ ಇನ್ನಷ್ಟು ಬೇಗ ಸವೆಯುವುದೇ ಇದಕ್ಕೆ ಕಾರಣ.

ಶುದ್ಧತೆ ಹೆಚ್ಚಿಸಿ, ಸತು, ಕ್ಯಾಲ್ಸಿಯಂ, ವಿರಳ ಭಸ್ಮ ಧಾತುಗಳನ್ನು ಬೆರೆಸಿ ಈ ವೇಗವನ್ನು ತಗ್ಗಿಸಲಾಗಿದೆ. ಇಂಥ ತಿರುಪಿಗೆ 2013ರಲ್ಲಿ ಯೂರೋಪಿನಲ್ಲಿ, 2023ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆದರೂ ಅವುಗಳ ಬಳಕೆ ಮುಖ್ಯವಾಗಿ ಸಣ್ಣ ಮೂಳೆಗಳಿಗೆ ಸೀಮಿತ. ದೇಹದ ಭಾರ ಹೊರುವ ತೊಡೆ ಮೂಳೆಗೆ ಅದು ಸಾಲದು. ಇತ್ತ ಟೈಟಾನಿಯಂಗೆ ನಿಯೋಬಿಯಂನಂಥ ಧಾತು ಸೇರಿಸಿ ಬಿಗಿತ ತಗ್ಗಿಸುವ ಪ್ರಯತ್ನಗಳೂ ನಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎರಡೂ ಲೋಹಗಳ ಕುರಿತು ಸಂಶೋಧನೆ ನಡೆದಿದೆ.

ಒಟ್ಟಿನಲ್ಲಿ, ದೀರ್ಘಕಾಲ ಭಾರ ಹೊರಬೇಕಾದಲ್ಲಿ ಟೈಟಾನಿಯಂ, ಮೂಳೆ ಕೂಡುವವರೆಗೆ ಮಾತ್ರ ಆಸರೆ ಬೇಕಾದಲ್ಲಿ ಮೆಗ್ನೀಷಿಯಂ ಎನ್ನಬಹುದು. ಮೂಳೆ ಬೆಸೆಯುವ ವೇಗಕ್ಕೂ ಲೋಹ ಕರಗುವ ವೇಗಕ್ಕೂ ಹೊಂದಾಣಿಕೆ ಸಾಧ್ಯವಾದಂತೆಲ್ಲ, ದೂರದ ಹಳ್ಳಿಗಳ ರೋಗಿಗಳಿಗೆ ಎರಡನೆಯ ಬಾರಿ ಆಸ್ಪತ್ರೆಗೆ ಅಲೆಯುವ ಕಷ್ಟ ಕಡಿಮೆಯಾದೀತು.